ಸಂಭಾವ್ಯ ಕಾರಣಗಳು

ಕ್ರಿಯಾ ಸಂಶೋಧನೆಯ ಕಡತ ಬರೆದವರಿಗೆಲ್ಲ ಅದರ ಮಾದರಿ ಬಾಯಿಪಾಠ. ಮೊದಲ ಪುಟದಲ್ಲಿ ಸಮಸ್ಯೆ, ಎರಡನೇ ಪುಟದಲ್ಲಿ ಸಂಭಾವ್ಯ ಕಾರಣಗಳು, ಆಮೇಲೆ ಪ್ರಾಕ್ಕಲ್ಪನೆ, ಕ್ರಿಯಾಯೋಜನೆ, ಪೂರ್ವ ಪರೀಕ್ಷೆ, ಉತ್ತರ ಪರೀಕ್ಷೆ, ಫಲಿತಾಂಶ. ನಾನು ಮೊದಲ ಎರಡು ಪುಟಗಳನ್ನು ಬೋಧನಾಭ್ಯಾಸದ ಶಾಲೆ ನೋಡುವ ಮೊದಲೇ, ಹಾಸ್ಟೆಲ್ಲಿನ ಕೋಣೆಯಲ್ಲಿ ಕುಳಿತು ಬರೆದಿದ್ದೆ. ಹಿರಿಯ ವಿದ್ಯಾರ್ಥಿನಿಯೊಬ್ಬಳ ಹಳೆಯ ಕಡತ ಪಕ್ಕದಲ್ಲಿತ್ತು. ‘5ನೇ ತರಗತಿಯ ಮಕ್ಕಳ ಅನಿಯಮಿತ ಹಾಜರಾತಿ’ ಎಂಬುದು ಸಮಸ್ಯೆ. ಕಾರಣಗಳು ಆರು: ಪೋಷಕರ ನಿರಾಸಕ್ತಿ, ಪೋಷಕರ ಅನಕ್ಷರತೆ, ಬಡತನ, ಕಲಿಕೆಯಲ್ಲಿ ಮಗುವಿನ ನಿರಾಸಕ್ತಿ, ಬೋಧನೋಪಕರಣಗಳ ಕೊರತೆ, ವಲಸೆ. ಈ ಅನುಕ್ರಮವೂ ಆಕೆಯದೇ. ಪೋಷಕರ ನಿರಾಸಕ್ತಿ ಮೊದಲು, ವಲಸೆ ಕೊನೆಗೆ. ಹೀಗೆ ಮಾಡಿದ್ದು ನಾನೊಬ್ಬಳೇ ಅಲ್ಲ ಎಂದು ಈ ಪತ್ರಿಕೆ ಓದುವ ಗೆಳತಿಯರಿಗೆ ಗೊತ್ತು. ಆದರೂ ನನ್ನದನ್ನು ಮಾತ್ರ ಹೇಳುತ್ತೇನೆ.

ನನಗೆ ಹಂಚಿಕೆಯಾದದ್ದು ವಿಜಯಪುರ ಜಿಲ್ಲೆಯ ಒಂದು ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ದಸರಾ ರಜೆಗೆ ಮುಂಚೆ ಆರು ವಾರ, ರಜೆಯ ನಂತರ ನಾಲ್ಕು ವಾರ. ಊರಿನಿಂದ ಎರಡು ಕಿಲೋಮೀಟರ್ ಆಚೆ ಒಂದು ಲಂಬಾಣಿ ತಾಂಡಾ ಇದೆ. ಅಲ್ಲಿ ಅಂಗನವಾಡಿ ಇದೆ, ಶಾಲೆ ಇಲ್ಲ. ಹೀಗಾಗಿ ಒಂದನೇ ತರಗತಿಯಿಂದಲೇ ಮಕ್ಕಳು ಊರಿನ ಶಾಲೆಗೆ ನಡೆದು ಬರುತ್ತಾರೆ. 5ನೇ ತರಗತಿಯ 26 ಮಕ್ಕಳಲ್ಲಿ ಒಂಬತ್ತು ಮಂದಿ ತಾಂಡಾದವರು.

ಮೊದಲ ವಾರ ವೀಕ್ಷಣೆ. ನನ್ನನ್ನು ನಲಿಕಲಿ ಕೋಣೆಯಲ್ಲಿ ಕೂರಿಸಿದರು. ನಲಿಕಲಿಯ ಇತಿಹಾಸವನ್ನು ನಾವು ಪರೀಕ್ಷೆಗೆ ಓದಿದ್ದೇವೆ: 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭ, ಋಷಿವ್ಯಾಲಿಯ ಶಾಲೆಗಳನ್ನು ನೋಡಿ ಬಂದ ಶಿಕ್ಷಕರೇ ಕಟ್ಟಿದ ಪದ್ಧತಿ, 2009-10ರಿಂದ ರಾಜ್ಯದ ಎಲ್ಲ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆ ವಿಸ್ತರಣೆ. ಐದು ತಟ್ಟೆ, ಕಲಿಕಾ ಏಣಿ, ಮೈಲಿಗಲ್ಲು, ಲೋಗೋ, ಪ್ರಗತಿನೋಟ, ಕಲಿಕಾ ಚಪ್ಪರ, ಎಲ್ಲವನ್ನೂ ಉತ್ತರ ಪತ್ರಿಕೆಯಲ್ಲಿ ಬರೆದಾಗಿತ್ತು. ಆದರೆ ಮೂರು ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕಾರ್ಡು ಹಿಡಿದು ತಟ್ಟೆಯಿಂದ ತಟ್ಟೆಗೆ ಹೋಗುವಾಗ ಆಗುವ ಸದ್ದು ಉತ್ತರ ಪತ್ರಿಕೆಯಲ್ಲಿ ಇರುವುದಿಲ್ಲ. ಸದ್ದು ಕಂಡು ನಾನು ಎರಡು ಸಲ ‘ಸುಮ್ನಿರ್ರಿ’ ಎಂದೆ. ನಲಿಕಲಿ ಟೀಚರು, ಹದಿನೇಳು ವರ್ಷದಿಂದ ಅದೇ ಕೋಣೆಯಲ್ಲಿ ಇರುವವರು, ನನ್ನನ್ನು ನೋಡಿ ನಕ್ಕು, “ಅವರು ಓದಾಕತ್ತಾರ ತಂಗಿ, ಜಗಳಲ್ಲ ಅದು” ಎಂದರು.

ಎರಡನೇ ದಿನ ಒಂದನೇ ತರಗತಿಯ ಒಂದು ಮಗು ಅಳತೊಡಗಿತು. ಹುಡುಗಿ, ತಾಂಡಾದ್ದು. ಏನು ಕೇಳಿದರೂ ಅಳು ಹೆಚ್ಚುತ್ತಿತ್ತು. ನಾನು ಚಾಕಲೇಟು ತೋರಿಸಿದೆ, ಗೊಂಬೆ ತೋರಿಸಿದೆ. ಅಷ್ಟರಲ್ಲಿ ಪಕ್ಕದ ಅಡುಗೆ ಕೋಣೆಯಿಂದ ಅಡುಗೆಯಮ್ಮ ಕೈಯಲ್ಲಿ ಸೌಟು ಹಿಡಿದೇ ಬಂದು, ಬಾಗಿಲಲ್ಲಿ ನಿಂತು ಲಂಬಾಣಿಯಲ್ಲಿ ಒಂದು ಮಾತು ಕೇಳಿದರು. ಮಗು ಬಿಕ್ಕುತ್ತ ಎರಡು ಮಾತು ಹೇಳಿತು. “ಕಿವಿ ನೋಯಾಕತ್ತೈತಂತ್ರಿ” ಎಂದು ಅಡುಗೆಯಮ್ಮ ಒಳಗೆ ಹೋದರು, ಒಲೆಯ ಮೇಲೆ ಬೇಳೆ ಇತ್ತು. ಅಷ್ಟೇ ವಿಷಯ. ಅರ್ಧ ಗಂಟೆ ನಾನು ಆ ಮಗುವಿಗೆ ಕನ್ನಡದಲ್ಲಿ ಸಮಾಧಾನ ಹೇಳಿದ್ದೆ.

ಅಡುಗೆಯಮ್ಮ ತಾಂಡಾದವರು. ಈ ರಾಜ್ಯದಲ್ಲಿ ಅಕ್ಷರ ದಾಸೋಹ 2002ರಲ್ಲಿ ಶುರುವಾಯಿತು, ಮಕ್ಕಳ ಹೊಟ್ಟೆ ತುಂಬಿತು, ಹಾಜರಾತಿಗೆ ನೆರವಾಯಿತು ಎಂದು ನಾವು ಬರೆಯುತ್ತೇವೆ. ತಾಂಡಾದಿಂದ ಬಂದ ಅಡುಗೆಯವರಿಂದಾಗಿ ಶಾಲೆಗೆ ಒಬ್ಬ ದುಭಾಷಿಯೂ ಸಿಕ್ಕರು ಎಂಬುದನ್ನು ನಾನು ಎಲ್ಲೂ ಓದಿರಲಿಲ್ಲ. ನಲಿಕಲಿ ಟೀಚರು ಆಕೆಯಿಂದಲೇ ಕೇಳಿ ಕೇಳಿ ಒಂದು ನೋಟುಪುಸ್ತಕ ಮಾಡಿಕೊಂಡಿದ್ದಾರೆ. ಎಡಕ್ಕೆ ಲಂಬಾಣಿ, ಬಲಕ್ಕೆ ಕನ್ನಡ, ಎರಡೂ ಕನ್ನಡ ಲಿಪಿಯಲ್ಲೇ. ಯಾಡಿ ಎಂದರೆ ತಾಯಿ, ಬಾಟಿ ಎಂದರೆ ರೊಟ್ಟಿ, ಪಾಣಿ ಎಂದರೆ ನೀರು, ಹೀಗೆ ಹದಿನಾಲ್ಕು ಪುಟ. ಅದಕ್ಕೆ ಇಲಾಖೆಯ ನಮೂನೆ ಇಲ್ಲ, ತಪಾಸಣೆಗೆ ಬಂದವರು ಯಾರೂ ಅದನ್ನು ಕೇಳಿಯೂ ಇಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 29ನೇ ಪ್ರಕರಣ, ಸಾಧ್ಯವಾದಷ್ಟರ ಮಟ್ಟಿಗೆ ಬೋಧನೆ ಮಗುವಿನ ಮಾತೃಭಾಷೆಯಲ್ಲಿರಬೇಕು ಎನ್ನುತ್ತದೆ. ಆ ‘ಸಾಧ್ಯವಾದಷ್ಟು’ ಎಷ್ಟು ಎಂದು ಆ ನೋಟುಪುಸ್ತಕ ನೋಡಿದರೆ ತಿಳಿಯುತ್ತದೆ.

ಇನ್ನು ನನ್ನ ಪಾಠದ ಕಥೆ.

ಎರಡನೇ ವಾರ 5ನೇ ತರಗತಿಗೆ ಪರಿಸರ ಅಧ್ಯಯನ. ಬೀಜ ಮೊಳೆಯುವುದು ನನ್ನ ಪಾಠಾಂಶ. ಮಾರ್ಗದರ್ಶಕರು ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ಪಾಠಯೋಜನೆ 5ಇ ಮಾದರಿಯಲ್ಲಿ ಐದು ಪುಟ. ಬಣ್ಣದ ಚಾರ್ಟು ಎರಡು. ಗಾಜಿನ ಲೋಟದಲ್ಲಿ ಹತ್ತಿ ಹಾಕಿ, ಹೆಸರುಕಾಳು ಇಟ್ಟು, ನೀರು ಹಾಕಿ ತಂದಿದ್ದೆ. ಇನ್ನೊಂದು ಲೋಟದಲ್ಲಿ ಮೊದಲೇ ಮೊಳಕೆ ಬಂದ ಕಾಳುಗಳಿದ್ದವು. ಅವನ್ನು ಹಾಸ್ಟೆಲ್ಲಿನ ಅಡುಗೆ ಮನೆಯಿಂದ ತಂದದ್ದು ಎಂದು ಈಗ ಹೇಳಿಬಿಡುತ್ತೇನೆ.

ತೊಡಗಿಸಿಕೊಳ್ಳುವ ಹಂತಕ್ಕೆ ಐದು ನಿಮಿಷ. “ಬೀಜ ಹೇಗೆ ಮೊಳೆಯುತ್ತದೆ, ಯಾರಾದರೂ ನೋಡಿದ್ದೀರಾ?” ಎಂದು ಕೇಳಿದೆ. ಮೂರನೇ ಸಾಲಿನ ಒಬ್ಬ ಹುಡುಗಿ ಪಕ್ಕದವಳಿಗೆ ಲಂಬಾಣಿಯಲ್ಲಿ ಏನೋ ಹೇಳಿದಳು, ಇಬ್ಬರೂ ನಕ್ಕರು. ಮಾರ್ಗದರ್ಶಕರು ಇದ್ದಾರಲ್ಲ, ತರಗತಿ ನಿರ್ವಹಣೆಗೂ ಅಂಕ ಇದೆಯಲ್ಲ, “ಪಾಠದಾಗ ಮಾತಾಡಬಾರದು” ಎಂದು ಗದರಿದೆ. ಆಕೆ ಸುಮ್ಮನಾದಳು. ಆ ಪಾಠ ಮುಗಿಯುವವರೆಗೂ ಸುಮ್ಮನೇ ಇದ್ದಳು. ನನ್ನ ಪಾಠ ಯೋಜನೆಯಂತೆಯೇ ನಡೆಯಿತು. ‘ವಿಷಯ ನಿರೂಪಣೆ ಉತ್ತಮ, ಬೋಧನೋಪಕರಣಗಳ ಬಳಕೆ ಸೂಕ್ತ, ತರಗತಿ ನಿಯಂತ್ರಣ ಚೆನ್ನಾಗಿದೆ’ ಎಂಬ ಟಿಪ್ಪಣಿ ಬಂತು.

ಲೋಟವನ್ನು ಕಿಟಕಿಯಲ್ಲಿ ಬಿಟ್ಟಿದ್ದೆ. ಮರುದಿನ ಊಟದ ಬಿಡುವಿನಲ್ಲಿ ಹೋದರೆ ಆ ಹುಡುಗಿ ಕಿಟಕಿ ಹತ್ತಿ ಕುಳಿತು, ಬೆರಳಿನಿಂದ ಹತ್ತಿಯನ್ನು ಒತ್ತಿ ಹಿಡಿದು ಲೋಟದ ನೀರನ್ನು ಹೊರಗೆ ಚೆಲ್ಲುತ್ತಿದ್ದಳು. ನನ್ನ ಕಂಡು ಹೆದರಿ ಇಳಿದಳು. “ನೀರ ಭಾಳ ಆಗ್ಯಾವ್ರಿ ಟೀಚರ್ರಿ. ಕಾಳ ಕೊಳೀತಾವ್ರಿ” ಎಂದಳು. ಮೂಸಿ ನೋಡಿದೆ, ಆಗಲೇ ವಾಸನೆ. ನಾನು ಬೋರ್ಡಿನ ಮೇಲೆ ‘ಮೊಳಕೆಗೆ ಗಾಳಿ, ನೀರು, ಶಾಖ ಬೇಕು’ ಎಂದು ಬರೆಸಿದ್ದೆ. ಕಾಳನ್ನು ನೀರಿನಲ್ಲಿ ಮುಳುಗಿಸಿಟ್ಟರೆ ಅದಕ್ಕೆ ಗಾಳಿ ಎಲ್ಲಿಂದ ಬರಬೇಕು?

“ನಿನಗ ಹೆಂಗ ಗೊತ್ತವಾ?” ಎಂದು ಕೇಳಿದೆ. “ತೀಜದಾಗ ನಾವ ಹಾಕಿದ್ದಿವಲ್ರಿ” ಎಂದಳು.

ತೀಜ್ ಲಂಬಾಣಿಗರ ಶ್ರಾವಣದ ಹಬ್ಬ. ಮದುವೆಯಾಗದ ಹುಡುಗಿಯರು ಬುಟ್ಟಿಗಳಲ್ಲಿ ಮಣ್ಣು ಗೊಬ್ಬರ ತುಂಬಿ ಗೋಧಿ ಬಿತ್ತುತ್ತಾರೆ. ಬುಟ್ಟಿಗಳನ್ನು ತಾಂಡಾದ ನಾಯಕನ ಮನೆಯ ಮುಂದೆ ಇಟ್ಟು, ಒಂಬತ್ತು ದಿನ ಹಾಡು ಹೇಳುತ್ತ ನೀರು ಹಾಕಿ ಸಸಿ ಬೆಳೆಸುತ್ತಾರೆ, ಕೊನೆಗೆ ನೀರಿಗೆ ಬಿಡುತ್ತಾರೆ. ನಾನು ಆ ಶಾಲೆಗೆ ಹೋಗುವ ಹಿಂದಿನ ವಾರವಷ್ಟೇ ಅದು ಮುಗಿದಿತ್ತು. ನನ್ನ ತರಗತಿಯಲ್ಲಿ ನಾಲ್ಕು ಹುಡುಗಿಯರು ಒಂಬತ್ತು ದಿನ ಗೋಧಿ ಮೊಳೆಯುವುದನ್ನು ಕಣ್ಣಾರೆ ನೋಡಿ, ಕೈಯಾರೆ ಬೆಳೆಸಿ ಬಂದು ಕುಳಿತಿದ್ದರು. ನಾನು ಅವರಿಗೆ ಚಾರ್ಟು ತೋರಿಸಿದ್ದೆ. ಆ ದಿನ ಆಕೆ ಗೆಳತಿಗೆ ಹೇಳಿದ್ದು, “ಟೀಚರ್ ಇದಕ್ಕ ಹಾಡ ಹೇಳಿಲ್ಲ, ಅದಕ್ಕ ಬಂದಿಲ್ಲ” ಎಂದಂತೆ.

ಮರು ವಾರ ಅದೇ ಪಾಠವನ್ನು ಮಾರ್ಗದರ್ಶಕರಿಲ್ಲದ ದಿನ ಇನ್ನೊಮ್ಮೆ ಮಾಡಿದೆ. ಯೋಜನೆ ಬರೆಯಲಿಲ್ಲ. ಆಕೆಯನ್ನು ಮುಂದೆ ಕರೆದು ಬುಟ್ಟಿ ಹೇಗೆ ಹಾಕುತ್ತಾರೆ ಹೇಳು ಎಂದೆ. ಮೊದಲು ನೆಲ ನೋಡಿದಳು. ಆಮೇಲೆ ಗೋಧಿಯನ್ನು ರಾತ್ರಿ ನೆನೆಸಿಡುವುದು, ನೀರನ್ನು ಸುರಿಯದೆ ಕೈಯಿಂದ ಚಿಮುಕಿಸುವುದು, ಎಷ್ಟನೇ ದಿನಕ್ಕೆ ಮೊಳಕೆ ಕಾಣುತ್ತದೆ, ಯಾರ ಬುಟ್ಟಿಯ ಸಸಿ ಗಿಡ್ಡವಾಯಿತು, ಯಾಕೆ, ಎಲ್ಲ ಹೇಳಿದಳು. ಊರಿನ ಹುಡುಗರು ಸುಮ್ಮನೆ ಕೂರುವವರೇ? “ನಮ್ಮ ಮನ್ಯಾಗೂ ದಸರಾಕ್ಕ ಘಟ್ಟ ಹಾಕ್ತೇವ್ರಿ, ಅದ್ರಾಗೂ ಹಿಂಗ ಬರ್ತಾವ್ರಿ” ಎಂದು ಎದ್ದರು. ಐದು ಧಾನ್ಯವೋ ಒಂಬತ್ತು ಧಾನ್ಯವೋ ಎಂದು ಅವರಲ್ಲೇ ವಾದ. ಯಾವ ಧಾನ್ಯ ಮೊದಲು ಮೊಳೆಯುತ್ತದೆ ಎಂದು ಕೇಳಿದೆ, ಒಬ್ಬೊಬ್ಬರದು ಒಂದೊಂದು ಉತ್ತರ. ಗೋಧಿ, ಜೋಳ, ಹೆಸರು, ಕಡಲೆ ನಾಲ್ಕನ್ನೂ ನಾಲ್ಕು ತೆಂಗಿನ ಚಿಪ್ಪಿನಲ್ಲಿ ಹಾಕಿ ದಿನವೂ ಬರೆದಿಡುವುದೆಂದು ಅವರೇ ತೀರ್ಮಾನಿಸಿದರು. ಆ ಪಾಠಕ್ಕೆ ಅಂಕ ಇಲ್ಲ.

ಆ ಹುಡುಗಿಯನ್ನೇ ನನ್ನ ವ್ಯಕ್ತಿ ಅಧ್ಯಯನಕ್ಕೆ ತೆಗೆದುಕೊಂಡೆ. ಹೆಸರು ಇಲ್ಲಿ ಬರೆಯುವುದಿಲ್ಲ. ವ್ಯಕ್ತಿ ಅಧ್ಯಯನಕ್ಕೂ ಕ್ರಿಯಾ ಸಂಶೋಧನೆಗೂ ಹಾಜರಿ ಪುಸ್ತಕ ಬೇಕಾಗಿತ್ತು. ಮುಖ್ಯಗುರುಗಳು ಈ ವರ್ಷದ್ದನ್ನು ಕೊಟ್ಟರು. ಜೂನ್‌ನಿಂದ ಅವಳದು ಅಲ್ಲಲ್ಲಿ ಗೈರು, ವಾರಕ್ಕೆ ಒಂದೋ ಎರಡೋ. ಎರಡನೇ ಪುಟದಲ್ಲಿ ಬರೆದದ್ದಕ್ಕೆ ಪುರಾವೆ ಸಿಕ್ಕಿತು ಎಂದುಕೊಂಡೆ. ಹಿಂದಿನ ವರ್ಷಗಳ ಪುಸ್ತಕ ಕೇಳುವ ಯೋಚನೆ ನನ್ನದಲ್ಲ. ಮುಖ್ಯಗುರುಗಳು ತಾವಾಗಿ ಬೀರುವಿನಿಂದ ತೆಗೆದು ಮೇಜಿನ ಮೇಲಿಟ್ಟು, “ಇದನ್ನೂ ನೋಡ್ರಿ” ಎಂದು ಹಾಲಿನ ಲೆಕ್ಕ ಬರೆಯತೊಡಗಿದರು. ಕ್ಷೀರಭಾಗ್ಯದ ಹಾಲಿನ ಪುಡಿ ಎಷ್ಟು ಖರ್ಚಾಯಿತು, ಎಷ್ಟು ಮಕ್ಕಳು ಕುಡಿದರು ಎಂದು ದಿನವೂ ಬರೆಯಬೇಕು. ಮುಖ್ಯಗುರುಗಳ ಅರ್ಧ ದಿನ ಇಂಥ ಲೆಕ್ಕಗಳಲ್ಲೇ ಹೋಗುತ್ತದೆ, ಅದು ಬೇರೆಯೇ ಲೇಖನ.

3ನೇ ತರಗತಿಯಲ್ಲಿ ಆಕೆ ವರ್ಷವಿಡೀ ಬಂದಿದ್ದಳು. 4ನೇ ತರಗತಿಯಲ್ಲೂ ಹಾಗೆಯೇ, ನವೆಂಬರ್‌ನಿಂದ ಮಾರ್ಚ್‌ವರೆಗೂ. ಮೂರು ದಿನ ಮಾತ್ರ ಇಲ್ಲ, ಜ್ವರ ಬಂದಿತ್ತೆಂದು ಅಂಚಿನಲ್ಲಿ ಬರೆದಿದೆ. ಅದೇ ಅಪ್ಪ, ಅದೇ ಅವ್ವ. ಪೋಷಕರ ನಿರಾಸಕ್ತಿ ಏಪ್ರಿಲ್‌ನಲ್ಲಿ ಇದ್ದಕ್ಕಿದ್ದಂತೆ ಹೇಗೆ ಬಂತು?

ಕೇಳಲು ತಾಂಡಾಕ್ಕೆ ಹೋಗಬೇಕಾಗಿತ್ತು. ಅದಕ್ಕೆ ಮೊದಲು ಎಸ್‌ಡಿಎಂಸಿ ಸಭೆ ನೋಡುವ ಅವಕಾಶ ಸಿಕ್ಕಿತು. ನಮ್ಮ ರಾಜ್ಯದಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು 2001ರಿಂದ ಇವೆ. ರಾಜಾರಾಮಣ್ಣ ಅವರ ಅಧ್ಯಕ್ಷತೆಯ ಕಾರ್ಯಪಡೆಯ ಶಿಫಾರಸಿನಿಂದ ಬಂದವು. ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ 21ನೇ ಪ್ರಕರಣದಡಿ ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ನಮ್ಮ ಸಭೆಯ ನಡಾವಳಿ ಪುಸ್ತಕದಲ್ಲಿ ಎಲ್ಲ ಸಹಿಗಳೂ ಇದ್ದವು. ಸಭೆಯಲ್ಲಿ ಏಳು ಮಂದಿ ಇದ್ದರು, ತಾಂಡಾದವರು ಒಬ್ಬರೂ ಇಲ್ಲ. ಸಭೆಯ ಸಮಯ ಹನ್ನೊಂದು ಗಂಟೆ. ಆ ಹೊತ್ತಿಗೆ ತಾಂಡಾದ ಜನ ಸಜ್ಜೆ ಹೊಲದಲ್ಲೋ ತೊಗರಿಯ ಕಳೆಯಲ್ಲೋ ಇರುತ್ತಾರೆ. ಸಹಿ ಸಂಜೆ ಮನೆಗೆ ಪುಸ್ತಕ ಕಳಿಸಿ ಹಾಕಿಸಿಕೊಳ್ಳುತ್ತಾರೆ. ಆ ಹುಡುಗಿಯ ತಾಯಿಯೂ ಸದಸ್ಯೆ ಎಂದು ನನಗೆ ಆ ಪುಸ್ತಕದಿಂದ ತಿಳಿಯಿತು. ಆಕೆಯ ಸಹಿ ಕನ್ನಡದಲ್ಲಿ, ಅಕ್ಷರ ಬಿಡಿಬಿಡಿ. ‘ಪೋಷಕರ ಅನಕ್ಷರತೆ’ ಎಂಬ ಎರಡನೆಯ ಕಾರಣವೂ ಅಲ್ಲಿಗೆ ಸ್ವಲ್ಪ ಅಲುಗಾಡಿತು.

ನಲಿಕಲಿ ಟೀಚರ ಜೊತೆ ಸಂಜೆ ಆರೂವರೆಗೆ ಹೋದೆವು. ಹೋಗುವ ಹೊತ್ತನ್ನು ಅಡುಗೆಯಮ್ಮನೇ ಹೇಳಿದ್ದರು. ಕಿರಿಯ ಗೆಳತಿಯರು ಮನೆಭೇಟಿಯನ್ನು ಶಾಲೆಯ ವೇಳೆಯಲ್ಲಿ ಮಾಡಿ ‘ಪೋಷಕರು ಲಭ್ಯವಿರಲಿಲ್ಲ’ ಎಂದು ಬರೆಯುವುದನ್ನು ಕಂಡಿದ್ದೇನೆ. ಲಭ್ಯವಿಲ್ಲದಿದ್ದವರು ನಾವು.

ಮನೆಯ ಮುಂದೆ ಹೊರಸು ಹಾಕಿ ಕೂರಿಸಿದರು, ಚಹಾ ಕೊಟ್ಟರು. ಹುಡುಗಿ ಒಂದೂವರೆ ವರ್ಷದ ತಮ್ಮನನ್ನು ಸೊಂಟದ ಮೇಲೆ ಹೊತ್ತುಕೊಂಡೇ ಚಹಾ ತಂದಳು. ವಾರಕ್ಕೆ ಎರಡು ದಿನ ಯಾಕೆ ಬರುವುದಿಲ್ಲ ಎಂಬುದಕ್ಕೆ ಉತ್ತರ ಕೇಳುವ ಮೊದಲೇ ಕಂಡಿತು. ಮೊದಲೆಲ್ಲ ಅಜ್ಜಿ ಇದ್ದರು. ಅಪ್ಪ ಅವ್ವ ಕಬ್ಬು ಕಡಿಯಲು ಹೋದ ಐದು ತಿಂಗಳು ಅಜ್ಜಿಯ ಬಳಿ ಇದ್ದು ಶಾಲೆಗೆ ಬರುತ್ತಿದ್ದಳು. ಏಪ್ರಿಲ್‌ನಲ್ಲಿ ಅಜ್ಜಿ ತೀರಿಕೊಂಡರು.

“ಈ ವರ್ಷ ಕರ್ಕೊಂಡು ಹೋಗೂದ ಅಕ್ಕೋರ” ಎಂದರು ತಂದೆ. “ಬಿಟ್ಟು ಹೋಗಾಕ ನಮಗೂ ಮನಸೈತಿ. ಯಾರ ಹತ್ರ ಬಿಡೂದು?”

ನಾನು ಕಡತದ ಭಾಷೆಯಲ್ಲಿ ಏನೋ ಹೇಳಿದೆ. ಈ ವರ್ಷ ಹೋಗದೇ ಇರಲು ಆಗುವುದಿಲ್ಲವೇ, ಇಲ್ಲೇ ಉದ್ಯೋಗ ಖಾತ್ರಿ ಕೆಲಸ ಇದೆಯಲ್ಲ, ಹೀಗೆ. ಅವರು ಸಿಟ್ಟಾಗಲಿಲ್ಲ. ಲೆಕ್ಕ ಹೇಳಿದರು. ಅಜ್ಜಿಯ ಆಸ್ಪತ್ರೆಗೂ ಮಣ್ಣಿಗೂ ಎಂದು ಗ್ಯಾಂಗಿನವರಿಂದ ಮುಂಗಡ ಬೇಸಿಗೆಯಲ್ಲೇ ತೆಗೆದುಕೊಂಡಾಗಿದೆ. ಮುಂಗಡ ಕೊಡುವುದು ಗಂಡ ಹೆಂಡತಿ ಜೋಡಿಗೆ. ಒಬ್ಬರು ಕಡಿಯಬೇಕು, ಒಬ್ಬರು ಕಟ್ಟಬೇಕು, ಒಬ್ಬರೇ ಹೋದರೆ ಗ್ಯಾಂಗಿನಲ್ಲಿ ಲೆಕ್ಕಕ್ಕಿಲ್ಲ. ತಾಯಿ ಹೋಗಲೇಬೇಕು. ತಾಯಿ ಹೋದರೆ ಮೊಲೆ ಕುಡಿಯುವ ಕೂಸು ಹೋಗಲೇಬೇಕು. ಕೂಸು ಹೋದರೆ ಕಬ್ಬಿನ ಹೊಲದಲ್ಲಿ, ಕುಡುಗೋಲಿನ ನಡುವೆ, ಅದನ್ನು ನೋಡಿಕೊಳ್ಳಲು ಒಬ್ಬರು ಬೇಕು. ನನ್ನ ಆರು ಕಾರಣಗಳಲ್ಲಿ ಇಂಥ ಒಂದು ವಾಕ್ಯವೂ ಇರಲಿಲ್ಲ.

ತಾಯಿ ಅಷ್ಟು ಹೊತ್ತು ಮಾತಾಡಿರಲಿಲ್ಲ. ನಾವು ಏಳುವಾಗ ನಲಿಕಲಿ ಟೀಚರ ಕೈ ಹಿಡಿದು, “ಹೆಸರ ಮಾತ್ರ ತಗೀಬ್ಯಾಡ್ರಿ ಅಕ್ಕೋರ. ಮಾರ್ಚದಾಗ ಬರ್ತೇವಿ” ಎಂದರು.

ಮರುದಿನ ಮುಖ್ಯಗುರುಗಳನ್ನು ಕೇಳಿದೆ. ಸೀಸನಲ್ ಹಾಸ್ಟೆಲ್ ಎಂಬುದಿದೆ, ವಲಸೆ ಹೋಗುವವರ ಮಕ್ಕಳನ್ನು ಆ ತಿಂಗಳುಗಳಲ್ಲಿ ಊರಲ್ಲೇ ಇಟ್ಟುಕೊಳ್ಳುವ ವ್ಯವಸ್ಥೆ. ಪ್ರಸ್ತಾವ ಕಳಿಸಬಹುದು. ಹಿಂದೊಮ್ಮೆ ಕಳಿಸಿದ್ದರಂತೆ, ಮಂಜೂರಾಗಿ ಬರುವ ಹೊತ್ತಿಗೆ ಟ್ರ್ಯಾಕ್ಟರುಗಳು ಹೋಗಿ ತಿಂಗಳಾಗಿತ್ತು. ಈ ಸಲ ಬೇಗ ಕಳಿಸೋಣ ಎಂದು ಅಂದೇ ಪಟ್ಟಿ ಮಾಡಿದರು, ನಾನು ಅಂದವಾಗಿ ಬರೆದುಕೊಟ್ಟೆ, 1ರಿಂದ 8ನೇ ತರಗತಿಯವರೆಗೆ 31 ಹೆಸರು. ಅಡುಗೆಯಮ್ಮನನ್ನೂ ಕೇಳಿದೆ. ಆಕೆ ಹುಡುಗಿಗೆ ದೂರದ ಚಿಕ್ಕಮ್ಮ. “ಇಕಿನ ನಾ ಇಟ್ಕೋತೀನ್ರಿ, ನಮ್ಮ ಹುಡುಗ್ಯಾರ ಜೋಡಿ ಉಂಡು ಮಲಗ್ತಾಳ. ಕೂಸಿಂದ ಏನ ಮಾಡೂದು?” ಎಂದರು. ಎಲ್ಲ ದಾರಿಯೂ ಆ ಕೂಸಿನ ಹತ್ತಿರ ಬಂದು ನಿಲ್ಲುತ್ತಿತ್ತು.

ದಸರಾ ರಜೆ ಮುಗಿಸಿ ಬಂದಾಗ 5ನೇ ತರಗತಿಯಲ್ಲಿ ತಾಂಡಾದವರು ಏಳು ಮಂದಿ ಉಳಿದಿದ್ದರು. ಅವಳು ಇದ್ದಳು. ಪ್ರಸ್ತಾವಕ್ಕೆ ಉತ್ತರ ಬಂದಿರಲಿಲ್ಲ. ಆ ಎರಡು ವಾರ ನಾನು ಕಂಡ ಕಂಡವರಿಗೆಲ್ಲ ಇದೇ ಮಾತು ಹೇಳುತ್ತ ಓಡಾಡಿದೆ. ನನ್ನ ಮಾರ್ಗದರ್ಶಕರು ಒಮ್ಮೆ, “ಒಂದು ಮಗುವಿನ ಹಿಂದೆಯೇ ಹೋದರೆ ಉಳಿದ 25 ಮಕ್ಕಳ ಪಾಠ ಯಾರು ಮಾಡಬೇಕು?” ಎಂದರು. ಅದರಲ್ಲಿ ತಪ್ಪಿಲ್ಲ. ಆ ವಾರದ ನನ್ನ ಗಣಿತ ಪಾಠಗಳು ನಿಜಕ್ಕೂ ಕೆಟ್ಟಿದ್ದವು.

ಕೊನೆಗೆ ನಲಿಕಲಿ ಟೀಚರೇ ಒಂದು ಮಾತು ಹೇಳಿದರು: ಹೋಗುವುದನ್ನು ತಡೆಯಲು ಆಗದಿದ್ದರೆ, ಹೋಗುವಾಗ ಏನು ಕೊಟ್ಟು ಕಳಿಸುತ್ತೀ ಯೋಚನೆ ಮಾಡು. ಕಾಯ್ದೆಯ 5ನೇ ಪ್ರಕರಣದಂತೆ ಮಗು ಇನ್ನೊಂದು ಶಾಲೆಗೆ ಹೋಗಬೇಕೆಂದರೆ ವರ್ಗಾವಣೆ ಪತ್ರವನ್ನು ಕೂಡಲೇ ಕೊಡಬೇಕು, ಆ ಪತ್ರ ತಡವಾಯಿತೆಂದು ಹೊಸ ಶಾಲೆ ಸೇರಿಸಿಕೊಳ್ಳದೆ ಇರುವಂತಿಲ್ಲ. ಆದರೆ ತಾಯಿ ಹೆಸರು ತೆಗೆಯಬೇಡಿ ಎಂದಿದ್ದರು. ಕಬ್ಬಿನ ಗ್ಯಾಂಗು ಒಂದೇ ಊರಿನಲ್ಲಿ ಐದು ತಿಂಗಳು ಇರುವುದೂ ಇಲ್ಲ. ಮುಖ್ಯಗುರುಗಳು ಒಂದು ಪತ್ರ ಬರೆದರು: ಈ ಮಗು ನಮ್ಮ ಶಾಲೆಯ 5ನೇ ತರಗತಿಯಲ್ಲಿ ಓದುತ್ತಿದ್ದಾಳೆ, ಎಸ್‌ಎಟಿಎಸ್ ಸಂಖ್ಯೆ ಇಂಥದ್ದು, ತಮ್ಮ ಊರಿನಲ್ಲಿ ಇರುವಷ್ಟು ದಿನ ತರಗತಿಯಲ್ಲಿ ಕೂರಲು ಅವಕಾಶ ಕೊಡಬೇಕಾಗಿ ವಿನಂತಿ. ಮೊಹರು ಒತ್ತಿದರು. ನಾನು ಮೂರು ರಾತ್ರಿ ಕುಳಿತು ಕಲಿಕಾ ಹಾಳೆ ಬರೆದೆ. ಕಲಿಕಾ ಚೇತರಿಕೆಯ ಹಾಳೆಗಳನ್ನು ನೋಡಿ ಅದೇ ರೀತಿ, ಆದರೆ ಹೇಳಿಕೊಡುವವರಿಲ್ಲದೆ ಮಾಡುವಂತೆ, ಪ್ರತಿ ಹಾಳೆಯ ಮೇಲೂ ಬಿಡಿಸಿದ ಒಂದು ಉದಾಹರಣೆ. ಕನ್ನಡ ಆರು, ಗಣಿತ ಎಂಟು, ಪರಿಸರ ನಾಲ್ಕು. ಪರಿಸರದ ಒಂದು ಹಾಳೆಯಲ್ಲಿ, ಕಬ್ಬನ್ನು ಬೀಜ ಬಿತ್ತಿ ಬೆಳೆಯುತ್ತಾರೋ ತುಂಡು ನೆಟ್ಟು ಬೆಳೆಯುತ್ತಾರೋ ಕೇಳಿ ಬರೆ ಎಂದಿದ್ದೆ.

ದೀಪಾವಳಿ ಮುಗಿದ ನಾಲ್ಕನೆಯ ದಿನ ಬೆಳಿಗ್ಗೆ ಟ್ರ್ಯಾಕ್ಟರ್ ಬಂತು. ಟ್ರೇಲರಿನಲ್ಲಿ ಜೋಳದ ಚೀಲ, ಪಾತ್ರೆ, ತಾಡಪತ್ರಿ, ಕೋಳಿಯ ಬುಟ್ಟಿ, ಒಂದು ಆಡು. ಹುಡುಗಿ ಯೂನಿಫಾರ್ಮಿನಲ್ಲೇ ಇದ್ದಳು. ಇರುವುದರಲ್ಲಿ ಒಳ್ಳೆಯ ಬಟ್ಟೆ ಅದೇ. ನಾನು ಹಾಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೊಟ್ಟೆ, ಎರಡು ಪೆನ್ಸಿಲು, ಒಂದು ಮೆಂಡರ್. ಆಕೆ ಚೀಲವನ್ನು ಜೋಳದ ಚೀಲಗಳ ನಡುವೆ ತೂರಿಸಿ ಕೈಯಿಂದ ಒತ್ತಿ ನೋಡಿದಳು. “ತೆಂಗಿನ ಚಿಪ್ಪಿಗೆ ನೀರ ಯಾರ ಹಾಕ್ತಾರ್ರಿ?” ಎಂದು ಕೇಳಿದಳು. ಚಿಪ್ಪಿನ ಕಾಳೆಲ್ಲ ದಸರಾ ರಜೆಯಲ್ಲೇ ಒಣಗಿ ಹೋಗಿದ್ದವು, ಅದು ಆಕೆಗೂ ಗೊತ್ತು. ಮತ್ತೆ ಹಾಕೋಣ ಎಂದೆ.

ಇನ್ನು ಕಡತ. ನನ್ನ ಕ್ರಿಯಾ ಸಂಶೋಧನೆಯಲ್ಲಿ ಪೂರ್ವದ ಹಾಜರಾತಿಗಿಂತ ಉತ್ತರದ ಹಾಜರಾತಿ ಕಡಿಮೆ. ಸ್ತಂಭ ನಕ್ಷೆ ಬರೆದರೆ ಎರಡನೇ ಸ್ತಂಭ ಗಿಡ್ಡ. ಗೆಳತಿಯರ ಕಡತಗಳಲ್ಲಿ ಕಥೆ ಹೇಳಿ, ಆಟ ಆಡಿಸಿ, ಚಾರ್ಟು ತೋರಿಸಿ ಎರಡನೇ ಸ್ತಂಭ ಎತ್ತರಕ್ಕೆ ಹೋಗಿತ್ತು. ನನ್ನದೂ ಹೋಗುವಂತೆ ಮಾಡಬಹುದಿತ್ತು. ನವೆಂಬರ್ ಬಿಟ್ಟು ಸೆಪ್ಟೆಂಬರ್ ತೆಗೆದುಕೊಂಡರೆ ಸಾಕಾಗಿತ್ತು. ಒಂದು ಸಂಜೆ ಹಾಗೆ ಬರೆದೂ ನೋಡಿದೆ, ಪೆನ್ಸಿಲಿನಲ್ಲಿ. ಆಮೇಲೆ ಅಳಿಸಿದೆ. ಎರಡನೇ ಪುಟವನ್ನು ಕಿತ್ತು ಹೊಸದಾಗಿ ಬರೆದೆ. ಅಜ್ಜಿ ತೀರಿಕೊಂಡದ್ದು, ಮುಂಗಡ, ಜೋಡಿಯ ಲೆಕ್ಕ, ಕೂಸು, ಹನ್ನೊಂದು ಗಂಟೆಯ ಸಭೆ, ಪ್ರಸ್ತಾವ ಕಳಿಸಿದ ತಾರೀಖು. ‘ಪೋಷಕರ ನಿರಾಸಕ್ತಿ’ ತೆಗೆದುಹಾಕಿ, ಮೂರು ವರ್ಷದ ಹಾಜರಿಯನ್ನು ಪಕ್ಕದಲ್ಲಿಟ್ಟೆ. ‘ಕ್ರಿಯಾಯೋಜನೆ ಅಪೂರ್ಣ. ಫಲಿತಾಂಶ ಪ್ರಾಕ್ಕಲ್ಪನೆಯನ್ನು ಸಮರ್ಥಿಸುವುದಿಲ್ಲ’ ಎಂದು ಟಿಪ್ಪಣಿ ಬಂತು. ಅಂಕ ಕಡಿಮೆಯಾಯಿತು, ಹೆಚ್ಚೇನಲ್ಲ. ಮಾರ್ಗದರ್ಶಕರು ಆ ಪುಟವನ್ನು ಮುಂದಿನ ತಂಡಕ್ಕೆ ತೋರಿಸಲು ಝೆರಾಕ್ಸ್ ಮಾಡಿಸಿಕೊಂಡರು ಎಂಬುದನ್ನೂ ಹೇಳಬೇಕು.

ಎಸ್‌ಡಿಎಂಸಿ ಸಭೆ ಜನವರಿಯಿಂದ ಸಂಜೆ ಏಳಕ್ಕೆ, ಒಂದು ತಿಂಗಳು ಊರಲ್ಲಿ ಒಂದು ತಿಂಗಳು ತಾಂಡಾದಲ್ಲಿ ಎಂದು ಮಾಡಿದ್ದಾರೆ. ಮೊದಲ ತಾಂಡಾ ಸಭೆಗೆ ಹೆಚ್ಚು ಜನ ಬರಲಿಲ್ಲವಂತೆ, ಬರಬೇಕಾದವರೆಲ್ಲ ಕಬ್ಬಿನ ಹೊಲದಲ್ಲಿದ್ದರು. ಸೀಸನಲ್ ಹಾಸ್ಟೆಲ್ ಆ ವರ್ಷ ಆಗಲಿಲ್ಲ. ಬರುವ ವರ್ಷಕ್ಕೆ ಜೂನ್‌ನಲ್ಲೇ ಪಟ್ಟಿ ಕಳಿಸುವುದೆಂದು ನಡಾವಳಿಯಲ್ಲಿ ಬರೆದಿದ್ದಾರೆ.

ಮಾರ್ಚ್ ಕೊನೆಯ ವಾರ ನಲಿಕಲಿ ಟೀಚರು ಫೋನ್ ಮಾಡಿದರು. ಗ್ಯಾಂಗು ಮರಳಿ ಬಂದಿತ್ತು. ಪತ್ರ ತೋರಿಸಿ ಒಂದು ಊರಿನ ಶಾಲೆಯಲ್ಲಿ ಹದಿನೆಂಟು ದಿನ ಕುಳಿತಿದ್ದಳಂತೆ, ತಮ್ಮನನ್ನೂ ಕರೆದುಕೊಂಡು. ಅಲ್ಲಿನ ಗುರುಗಳು ಪತ್ರದ ಹಿಂದೆಯೇ ದಿನಗಳನ್ನು ಬರೆದು ಸಹಿ ಮಾಡಿ ಕೊಟ್ಟಿದ್ದರು. ಕಲಿಕಾ ಹಾಳೆಗಳಲ್ಲಿ ಹನ್ನೊಂದು ಮಾಡಿದ್ದಳು. ನಾಲ್ಕು ನೀರಿನಲ್ಲಿ ನೆನೆದಿದ್ದವು, ಮೂರು ಸಿಗಲಿಲ್ಲ. ಟೀಚರು ಹಾಳೆಗಳ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದರು.

ಕಬ್ಬಿನ ಹಾಳೆಯಲ್ಲಿ, ತುಂಡು ನೆಡುತ್ತಾರೆ, ಒಂದು ತುಂಡಿಗೆ ಎರಡೋ ಮೂರೋ ಕಣ್ಣು ಇರಬೇಕು, ಕಣ್ಣು ಕೆಟ್ಟರೆ ಬರುವುದಿಲ್ಲ ಎಂದು ಬರೆದು, ಗಂಟು ಗಂಟಾದ ಕಬ್ಬಿನ ಚಿತ್ರ ಬರೆದು ಕಣ್ಣುಗಳನ್ನು ತೋರಿಸಿದ್ದಳು. ಆ ಮೇಲೆ ಭಿನ್ನರಾಶಿಯ ಹಾಳೆ ತೆರೆದೆ. ಯಾವುದು ದೊಡ್ಡದು, ಯಾವುದು ಚಿಕ್ಕದು, ಚಿಹ್ನೆ ಹಾಕು ಎಂದು ಆರು ಲೆಕ್ಕ. ಆರೂ ತಪ್ಪು. ಫೋಟೋವನ್ನು ದೊಡ್ಡದು ಮಾಡಿ ಮೇಲಿನ ಉದಾಹರಣೆ ನೋಡಿದೆ. ಮೂರನೇ ರಾತ್ರಿ ನಿದ್ದೆಗಣ್ಣಿನಲ್ಲಿ ನಾನೇ 1/2 < 1/3 ಎಂದು ಬರೆದಿದ್ದೆ. ಆಕೆ ಐದು ತಿಂಗಳು ಕೇಳಲು ಯಾರೂ ಇಲ್ಲದೆ, ಆರಕ್ಕೆ ಆರನ್ನೂ ನಾನು ಹೇಳಿದಂತೆಯೇ ಮಾಡಿದ್ದಳು.

ಸರಿ ಮಾಡಿದ ಹಾಳೆಯನ್ನು ಅಂದೇ ಬರೆದು, ತಪ್ಪು ನನ್ನದು ಎಂದು ಮೇಲೆ ಬರೆದು, ಮರುದಿನದ ಬಸ್ಸಿಗೆ ಕೊಟ್ಟು ಕಳಿಸಿದೆ.